ಮುಂದಿದ್ದ ಗಡಿಯಾರ

ಮಾವ,

ನಿಮಗೀಗ ವಿಳಾಸವಿಲ್ಲ, ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ. ಅದಕ್ಕೇ ಇವತ್ತಿನ ಸಮಾಚಾರ ಬರೆಯುತ್ತಿದ್ದೇನೆ.

ನೀವು ತೀರಿಕೊಂಡು ವರ್ಷವಾಯಿತೆಂದು ನಿಮ್ಮ ಮಠದಲ್ಲಿ ಪೂಜೆ ಇಟ್ಟುಕೊಂಡಿದ್ದರು. ಫಾದರ್ ಆಗಿ ಪೂಜೆ ಅರ್ಪಿಸುತ್ತ ಪೀಠದ ಮುಂದೆ ನಿಲ್ಲಲು ನೀವು ಆಸೆಪಟ್ಟವರಲ್ಲ. ಕೊನೆಯವರೆಗೂ ಮಠದ ಕೆಲಸ ನೋಡಿಕೊಳ್ಳುವ ಬ್ರದರ್ ಆಗಿಯೇ ಬೀಗ ತೆಗೆದಿರಿ, ನಲ್ಲಿ ಬಿಗಿದಿರಿ, ಕುರ್ಚಿಯ ಕಾಲು ಜೋಡಿಸುತ್ತ ಅದನ್ನು ಮುರಿದವರನ್ನು ಬೈದಿರಿ. ಪ್ರಾರ್ಥನೆಗೆ ಯಾರೂ ತಡವಾಗಬಾರದೆಂದು ಊಟದ ಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟವರೂ ನೀವೇ. ಗುಟ್ಟು ಎಲ್ಲರಿಗೂ ಗೊತ್ತಿತ್ತು. ಹತ್ತು ಕಳೆದು ಲೆಕ್ಕ ಹಾಕಿಕೊಂಡೇ ಹೊರಡುತ್ತಿದ್ದರು, ಸರಿಯಾಗಿ ತಲುಪುತ್ತಿದ್ದರು.

ಮಠದ ಮುಖ್ಯಸ್ಥರಾಗಿ ಹೊಸದಾಗಿ ಬಂದ ಹಿರಿಯರು ನಿಮ್ಮ ಮೇಲಿನ ಗೌರವಕ್ಕೆಂದು ನಿನ್ನೆ ಆ ಗಡಿಯಾರವನ್ನು ಒರೆಸಿ, ಸಮಯವನ್ನೂ ಸರಿಮಾಡಿದ್ದಾರೆ. ಯಾರಿಗೂ ಹೇಳಿಲ್ಲ. ಇವತ್ತು ನಾವೆಲ್ಲ ಎಂದಿನಂತೆ ಹತ್ತು ಕಳೆದುಕೊಂಡು ಊಟದ ಮನೆಯಲ್ಲಿ ಆರಾಮವಾಗಿ ಚಹಾ ಕುಡಿಯುತ್ತಿದ್ದಾಗ ಪೂಜೆಯ ಫಾದರ್ ಬಾಗಿಲಿಗೇ ಬಂದರು.

"ಅಲ್ರೀ, ನಾನು ಖಾಲಿ ಬೆಂಚುಗಳಿಗೆ ಪೂಜೆ ಮಾಡ್ಲಾ?"

ಅಡುಗೆಯ ಬ್ರದರ್ ಗೋಡೆಯತ್ತ ನೋಡಿ, "ಅದು ಸರಿಯಾಯ್ತು, ನಾವು ಕೆಟ್ವಿ" ಎಂದರು.

ಪೂಜೆ ಮುಗಿದ ಮೇಲೆ ಹಿರಿಯರು ಮುಖ ಸಣ್ಣ ಮಾಡಿಕೊಂಡು ಸ್ಟೂಲು ತಂದು ನನ್ನ ಮುಂದಿಟ್ಟರು. "ನೀವು ಅವರ ಸೋದರಳಿಯ ತಾನೆ? ಮೊದಲಿನ ಹಾಗೇ ಇಟ್ಬಿಡಿ."

ಸ್ಟೂಲು ಹತ್ತಿ ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದೆ. ಇನ್ನು ಅದನ್ನು ಯಾರೂ ಮುಟ್ಟುವುದಿಲ್ಲ.

ನೀವು ತೀರಿಕೊಂಡ ದಿನ ನಾನು ಆಸ್ಪತ್ರೆಗೆ ಬರುವಷ್ಟರಲ್ಲಿ ನಿಮ್ಮ ಮಂಚ ಖಾಲಿಯಾಗಿತ್ತು. ನನ್ನ ಕೈಗಡಿಯಾರ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು. ಇವತ್ತು ಮನೆಗೆ ಬಂದು ಅದನ್ನೂ ಹತ್ತು ನಿಮಿಷ ಮುಂದಿಟ್ಟಿದ್ದೇನೆ.