ನನ್ನ ಗಂಡ ನುಂಗಿದ್ದು ಔಷಧವೋ, ಹಿಟ್ಟೋ?

ಔಷಧ ಪ್ರಯೋಗದ ಮುಖ್ಯಸ್ಥರೇ,

ನನ್ನ ಗಂಡನಿಗೆ ನೀವು ಕೊಟ್ಟಿದ್ದು ಔಷಧವೋ, ಬರೀ ಹಿಟ್ಟಿನ ಗುಳಿಗೆಯೋ? ನಿಮ್ಮ ಕಚೇರಿಯಲ್ಲಿ ಕೇಳಿ ಕೇಳಿ ಸಾಕಾಯಿತು. ಈಗ ಊರೆಲ್ಲರ ಮುಂದೆ ಕೇಳುತ್ತಿದ್ದೇನೆ.

ಶಿವಾಜಿನಗರದಲ್ಲಿ ಶೇರ್ವಾನಿ ಹೊಲಿಯುವ ನಜೀರ್ ನನ್ನ ಗಂಡ. ಹೋದ ವರ್ಷ ಅವರ ಹೃದಯದ ರಕ್ತನಾಳ ಕಟ್ಟಿಕೊಂಡಾಗ ಬಲೂನು ಹಾಕಿ ಬಿಡಿಸಿದರು. ಬಲೂನು ಒತ್ತಿದಲ್ಲಿ ನಾಳದ ಒಳಗೆ ಗಾಯವಾಗುತ್ತದೆ, ಗಾಯ ಮಾಯುವಾಗ ಗೋಡೆ ದಪ್ಪಗಾಗಿ ದಾರಿ ಮತ್ತೆ ಮುಚ್ಚಬಹುದು, ಅದನ್ನು ತಡೆಯಲು ಹೊಸ ಮಾತ್ರೆ ಪರೀಕ್ಷಿಸುತ್ತಿದ್ದೇವೆ ಎಂದು ನಿಮ್ಮವರೇ ಬಂದು ವಿವರಿಸಿದರು. ಅರ್ಧ ಜನರಿಗೆ ನಿಜವಾದ ಔಷಧ, ಇನ್ನರ್ಧ ಜನರಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಎಂದೂ ಹೇಳಿದರು. ಒಪ್ಪಿಯೇ ಸಹಿ ಹಾಕಿದೆವು. ಆ ಬಗ್ಗೆ ನನ್ನ ತಕರಾರಿಲ್ಲ.

ಮಧ್ಯಾಹ್ನ ಊಟದ ಜೊತೆಗೇ ಮಾತ್ರೆ ನುಂಗಬೇಕೆಂಬುದು ನಿಮ್ಮ ಕಟ್ಟಪ್ಪಣೆ. ಅಷ್ಟರಲ್ಲಿ ರಂಜಾನ್ ಬಂತು. ಬುದ್ಧಿ ತಿಳಿದಾಗಿನಿಂದ ಒಂದು ಉಪವಾಸವನ್ನೂ ಬಿಟ್ಟವರಲ್ಲ ಅವರು. "ಔಷಧ ತಾನೇ, ತಗೊಳ್ಳಿ, ತಪ್ಪೇನಿಲ್ಲ" ಎಂದರು ಮಸೀದಿಯ ಹಿರಿಯರು. ತಿಂಗಳಿಡೀ ಇವರು, ಉಪವಾಸವಿದ್ದ ಕೆಲಸಗಾರರ ಕಣ್ಣಿಗೆ ಬೀಳದಂತೆ, ಅಂಗಡಿಯ ಪರದೆಯ ಹಿಂದೆ ತಲೆ ತಗ್ಗಿಸಿ ಕೂತು ಉಂಡರು. ಊಟ ಒಯ್ದು ಬಡಿಸುತ್ತಿದ್ದವಳು ನಾನು. ಒಂದು ದಿನವೂ ತುತ್ತು ಸಲೀಸಾಗಿ ಇಳಿದದ್ದನ್ನು ನೋಡಲಿಲ್ಲ.

ಈಗ ಅದೇ ಜಾಗದಲ್ಲಿ ನಾಳ ಮತ್ತೆ ಮುಚ್ಚುತ್ತಿದೆ. ಮಹಡಿ ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡು ಕೂತುಬಿಡುತ್ತಾರೆ. ಮತ್ತೆ ಬಲೂನು ಹಾಕಲೇಬೇಕು, ತಡಮಾಡಿದರೆ ಜೀವಕ್ಕೇ ಅಪಾಯ ಎನ್ನುತ್ತಾರೆ ಡಾಕ್ಟರು. ಇವರದ್ದು ಒಂದೇ ಹಠ: "ಉಪವಾಸ ಬಿಟ್ಟು ನಾನು ನುಂಗಿದ್ದೇನು ಅಂತ ಮೊದ್ಲು ಹೇಳ್ಲಿ. ಆಮೇಲೆ ಟೇಬಲ್ ಮೇಲೆ ಮಲಗ್ತೀನಿ." ಅತ್ತರೂ ಕೇಳುವುದಿಲ್ಲ, ಬೈದರೂ ಕೇಳುವುದಿಲ್ಲ. ನನಗೆ ದಿಕ್ಕೇ ತೋಚುತ್ತಿಲ್ಲ.

ನಿಮ್ಮ ಕಚೇರಿಯ ಮೇಡಂ, "ಒಬ್ಬರಿಗೆ ಹೇಳ್ಬಿಟ್ರೆ ಸ್ಟಡಿನೇ ಹಾಳಾಗತ್ತಮ್ಮ. ರಿಸಲ್ಟ್ ಬರೋವರೆಗೂ ಕಾಯ್ಬೇಕು" ಎಂದರು. "ಅಲ್ಲೀವರೆಗೂ ಅವರು ಕಾಯ್ತಾರಾ, ಮೇಡಂ?" ಎಂದೆ. ಫೋನ್ ಬಂತೆಂದು ಎದ್ದು ಹೋದರು. ಮಾನ್ಯರೇ, ನಿಮ್ಮ ಅಧ್ಯಯನ ಹಾಳಾಗಬಾರದು, ಖಂಡಿತ. ನನ್ನ ಮನೆ ಹಾಳಾದರೆ ಅದನ್ನು ಯಾವ ಫಲಿತಾಂಶಕ್ಕೆ ಸೇರಿಸುತ್ತೀರಿ? ಸತ್ತವರ ಹೆಂಡತಿಗಾದರೂ ಹೇಳುತ್ತೀರೋ, ಅವಳೂ ಕಾಯಬೇಕೋ?

ಔಷಧ ಎನ್ನಿ, ಹಿಟ್ಟು ಎನ್ನಿ, ನಾನು ಜಗಳಕ್ಕೆ ಬರುವುದಿಲ್ಲ. ಯಾವುದಾದರೂ ಒಂದು ಮಾತು ಈ ವಾರದೊಳಗೆ ಹೇಳಿ. ಇನ್ನೊಂದು ರಂಜಾನ್ ಹತ್ತಿರ ಬಂತು. ಬಿಟ್ಟ ಉಪವಾಸಗಳನ್ನೆಲ್ಲ ತೀರಿಸಬೇಕೆಂದು ಇವರಿಗೆ ಆಸೆ. ಅದಕ್ಕೆ ಇವರು ಬದುಕಿರಬೇಕು.

ಇಂತಿ,
ಇವತ್ತಿಗೂ ಇಬ್ಬರಿಗೆ ಅಡುಗೆ ಮಾಡುತ್ತಿರುವ
ಶಂಶುನ್ನೀಸಾ
ಪುಲಿಕೇಶಿನಗರ, ನವೆಂಬರ್ 1998