ಸೊಟ್ಟ ಹಲ್ಲಿನ ಅಚ್ಚು

ಜೋಗೇಶ್ವರಿ,
೧೨-೨-೧೯೫೬

ಗ್ರಾಂಟ್ ರೋಡಿನ ಹಲ್ಲಿನ ಡಾಕ್ಟರ್ ಕಾಮತರಿಗೆ ಕಾಶಪ್ಪನ ನಮಸ್ಕಾರಗಳು.

ಬಾಕ್ಸಿಂಗ್ ಆಡಲು ನನ್ನ ಮಗ ಬಸವಂತನಿಗೆ ನೀವು ಸೊಟ್ಟ ಹಲ್ಲಿಗೂ ಜಾಗ ಬಿಟ್ಟು ಮಾಡಿಕೊಟ್ಟ ರಬ್ಬರ್ ಗಾರ್ಡ್ ಸರಿಯಾಗಿಯೇ ಕೂತಿತ್ತು. ಕಡೆಯ ಪಂದ್ಯದಲ್ಲೂ ಒಂದು ಹಲ್ಲು ಅಲುಗಲಿಲ್ಲ. ಪೆಟ್ಟು ಬಿದ್ದದ್ದು ತಲೆಗೆ. ಮೂರನೆಯ ದಿನ ತೀರಿಕೊಂಡ. ತಪ್ಪು ನಿಮ್ಮದಲ್ಲ.

ಅಳತೆಗೆಂದು ತೆಗೆದ ಅವನ ಹಲ್ಲುಗಳ ಪ್ಲಾಸ್ಟರ್ ಅಚ್ಚನ್ನು ದಯವಿಟ್ಟು ಒಡೆಯಬೇಡಿ. ಮುಂದಿನ ಭಾನುವಾರ ಬಂದು ಒಯ್ಯುತ್ತೇನೆ.

ಹೆಣ್ಣಿನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸುವಾಗ, "ಸೊಟ್ಟ ಹಲ್ಲು ಕಾಣತದ, ಬಾಯಿ ಮುಚ್ಚೋ" ಎಂದು ನಾನೇ ಗದರಿಸಿದ್ದೆ. ಮನೆಯಲ್ಲಿರುವುದು ಅದೊಂದೇ ಫೋಟೋ. ಅವನ ತಾಯಿ ದಾನವ್ವ ದಿನಾ ಅದನ್ನು ನೋಡಿ, "ನನ್ನ ಮಗ ಹಿಂಗ ಇರಲಿಲ್ಲ" ಅನ್ನುತ್ತಾಳೆ.

ಆ ಹಲ್ಲು ಅಚ್ಚಿನಲ್ಲಿ ಮೂಡಿದೆಯಲ್ಲವೇ?

ಇಂತಿ,
ಕಾಶಪ್ಪ