ಗೆದ್ದ ಮೇಲೆ ಚಾಲ್ತಿ

ನವೆಂಬರ್ 2

ಹದಿನೆಂಟು ಮಕ್ಕಳು. ಮಕ್ಕಳಿಗೆ ಬೇಯಿಸಿ ಕೊಡುವ ತತ್ತಿ ಇವತ್ತೂ ಬರಲಿಲ್ಲ. ಊಟ ಮುಗಿಸಿ, ಮಕ್ಕಳನ್ನು ಹೊಸ ಸಹಾಯಕಿಗೆ ಒಪ್ಪಿಸಿ, ಮತದಾರರ ಪಟ್ಟಿ ಹಿಡಿದು ಓಣಿ ತಿರುಗಿದೆ. ಉಪಚುನಾವಣೆ ಅಂದಕೂಡಲೇ ಅಂಗನವಾಡಿ ಟೀಚರ್ ಬಿಎಲ್‌ಓ ಆಗಿಬಿಡುತ್ತಾಳೆ. ಬೂತಿನ ಅಷ್ಟೂ ಹೆಸರು ಅವಳ ತಲೆ ಮೇಲೆ. ಸತ್ತವರನ್ನು ತೆಗೆಸು, ಮದುವೆಯಾಗಿ ಬಂದವರನ್ನು ಸೇರಿಸು, ಎಂಬತ್ತೈದು ದಾಟಿದವರ ಮನೆಗೆ ಹೋಗಿ ಫಾರ್ಮ್ ತುಂಬಿಸು. ಪೆನ್ಶನ್ ಕೇಳಿದರೆ ಮಾತ್ರ — ನೀವು ನೌಕರರಲ್ಲ, ನಿಮ್ಮದು ಗೌರವಧನ! ಇಂಥ ಗೌರವ ಶತ್ರುವಿಗೂ ಬೇಡ. ನನಗೆ ಇನ್ನು ಎರಡು ವರ್ಷ ಸರ್ವಿಸ್ ಇದೆ.

ಹಜರತಬಿಯ ಮನೆಗೂ ಹೋಗಿದ್ದೆ. ಇಪ್ಪತ್ತೇಳು ವರ್ಷ ನನ್ನ ಕೇಂದ್ರದಲ್ಲೇ ಸಹಾಯಕಿ. ಅವಳು ಅಡುಗೆ ಮಾಡಿ ಕೊಟ್ಟಳು, ನಾನು ಹಾಡು ಹೇಳಿಕೊಟ್ಟೆ. ಹೋದ ಜೂನಿಗೆ ಅರವತ್ತಾಯಿತು. ಒಂದು ಶಾಲು, ಒಂದು ಹಾರ, ಗ್ರೂಪ್ ಫೋಟೋ. ತಿಂಗಳ ಪೆನ್ಶನ್ ಇಲ್ಲ. ಈಗ ಮನೆಯಲ್ಲಿ ಕೂತು ಸೀರೆ ಮಗ್ಗದವರಿಗೆ ಕಂಡಿಕೆಗೆ ನೂಲು ಸುತ್ತಿಕೊಡುತ್ತಾಳೆ.

ಇವತ್ತು ಚಕ್ರದ ಮುಂದೆ ಬಲಗಾಲು ಚಾಚಿ ಕೂತಿದ್ದಳು. ಪಾದಕ್ಕೆ ಹಳೆ ಬಟ್ಟೆ. ಒಳಗೆ ಕಾಲಿಟ್ಟರೆ ವಾಸನೆ.

"ಏನಿಲ್ರಿ ಅಕ್ಕಾರ, ಕಲ್ಲಿನ ಚೂರ ಚುಚ್ಚೇತಿ. ಮಾಯತೈತಿ."

ಮನೆ ಹಿಂದೆಯೇ ಗ್ರಾನೈಟ್ ಪಾಲಿಶ್ ಮಾಡುವ ಜಾಗ. ಚೂರು ಚುಚ್ಚುವುದು ಹೊಸದಲ್ಲ. ಆದರೆ ಇವಳಿಗೆ ಸಕ್ಕರೆ ಕಾಯಿಲೆ. ಬಟ್ಟೆ ಬಿಚ್ಚಿಸಿದೆ. ಹೆಬ್ಬೆರಳು ಕಪ್ಪಗಾಗಿದೆ. ನಾಳೆ ಮುಂಜಾನೆ ತಯಾರಾಗಿರು ಅಂತ ಬೈದು ಬಂದೆ.

ನವೆಂಬರ್ 3

ಸರಕಾರಿ ದವಾಖಾನೆ. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಮುಚ್ಚುಮರೆ ಮಾಡಲಿಲ್ಲ. "ಇವತ್ತ ನಾಳೆ ಬಾಗಲಕೋಟಿಗೆ ಹೋದ್ರ ಒಂದ ಬೆರಳ ಹೋಗ್ತೈತಿ, ಪಾದ ಉಳೀತೈತಿ. ತಡಾ ಮಾಡಿದ್ರ ಪಾದದ ಗ್ಯಾರಂಟಿ ನಾ ಕೊಡಂಗಿಲ್ಲ." ಚೀಟಿ ಬರೆದುಕೊಟ್ಟರು. ಜಿಲ್ಲಾ ಆಸ್ಪತ್ರೆ. ರೇಶನ್ ಕಾರ್ಡ್, ಆಧಾರ್ ಒಯ್ಯಿರಿ, ದುಡ್ಡು ಬೇಕಿಲ್ಲ.

ಮೂರು ಮಾತು. ಎಷ್ಟು ಸರಳ. ಅವಳು ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮಗಳು ಯಾಸ್ಮೀನ ಅಮೀನಗಡದಲ್ಲಿ ಕರದಂಟಿನ ಅಂಗಡಿಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಅವಳಿಗೆ ಫೋನ್ ಮಾಡಿದೆ. ಶುಕ್ರವಾರ ರಜೆ ಸಿಗುತ್ತದಂತೆ.

ನವೆಂಬರ್ 5, ರಾತ್ರಿ

ಸಂಜೆ ಓಣಿಗೆ ಬಿಳಿಮೀಸೆ ಬಂದಿದ್ದರು. (ಹೆಸರು ಬರೆಯುವುದಿಲ್ಲ. ಎಲೆಕ್ಷನ್ ಡ್ಯೂಟಿಯವಳ ಪುಸ್ತಕದಲ್ಲಿ ಯಾವ ಕ್ಯಾಂಡಿಡೇಟಿನ ಹೆಸರೂ ಬೇಡ.) ಹಲಗೆಯ ಬಡಿತ, ಹೂವು, ಹಿಂದೆ ಐವತ್ತು ಜನ. ಕಂಡ ಹೆಂಗಸರಿಗೆಲ್ಲ "ತಾಯಿ". ನಾನು ಪಟ್ಟಿ ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತೆ. ಬಾಯಿ ಬಿಡುವ ಹಾಗಿಲ್ಲ, ನೀತಿ ಸಂಹಿತೆ.

ಹಜರತಬಿ ಬಾಯಿ ಬಿಟ್ಟಳು. ಹೊಸ್ತಿಲಲ್ಲಿ ಕೂತೇ ಕೇಳಿದಳು. "ಸಾಹೇಬ್ರ, ಇಪ್ಪತ್ತೇಳ ವರ್ಷ ನಿಮ್ಮ ಊರ ಮಕ್ಕಳಿಗೆ ಉಣಿಸೇನಿ. ನಮಗ ಪೆನ್ಶನ್ ಕೊಡ್ತೀರೇನು, ಇಲ್ಲೇನು?"

"ಅಮ್ಮಾ, ನಿಮ್ಮ ಆಶೀರ್ವಾದ ಇರ್ಲಿ."

ಆಶೀರ್ವಾದ ಕೇಳುವುದಕ್ಕೆ ಬಂದಿದ್ದೀಯೋ, ಉತ್ತರ ಕೊಡುವುದಕ್ಕೋ? ಅಷ್ಟರಲ್ಲಿ ಮುಂದಿನ ಮನೆಗೆ ದಾಟಿಯಾಗಿತ್ತು. ಅವರ ಹಿಂದೆ ನಮ್ಮ ವಾರ್ಡಿನ ಯಮನೂರ. ಬಿಳಿಮೀಸೆಯವರ ಬಲಗೈ. ಮನೆಮನೆಗೆ ಒಂದು ಕಾರ್ಡು ಹಂಚುತ್ತಿದ್ದ. ಎಟಿಎಂ ಕಾರ್ಡಿನ ಹಾಗೆ ದಪ್ಪ, ಹೊಳಪು. ಒಂದು ಬದಿ ಬಿಳಿಮೀಸೆ ನಗುತ್ತಾರೆ. ಇನ್ನೊಂದು ಬದಿ "ಆರೋಗ್ಯ ಖಾತ್ರಿ ಕಾರ್ಡ್. ಯಾವುದೇ ಖಾಸಗಿ ಆಸ್ಪತ್ರೆಯಲ್ಲಿ ಹತ್ತು ಲಕ್ಷದವರೆಗೆ ಉಚಿತ." ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ: ಗೆದ್ದ ಮೇಲೆ ಚಾಲ್ತಿಗೆ ಬರುತ್ತದೆ. ಹೆಸರು ಬರೆಯಲು ಒಂದು ಖಾಲಿ ಗೆರೆ.

ಏಳೂವರೆಗೆ ಹಜರತಬಿ ಕುಂಟುತ್ತ ನಮ್ಮ ಮನೆಗೇ ಬಂದಳು. "ಅಕ್ಕಾರ, ಹೆಸರ ಬರದ ಕೊಡ್ರಿ. ನಿಮ್ಮ ಅಕ್ಷರ ಚಂದ ಅದಾವ."

ಬರೆಯಬಾರದಿತ್ತು. ಬಿಎಲ್‌ಓ ಪಕ್ಷದ ಕಾರ್ಡು ಮುಟ್ಟಿದರೂ ತಪ್ಪು. ಆದರೆ ಕುಕ್ಕರು ಕೂಗುತ್ತಿತ್ತು, ಅವಳು ಒಂದೇ ಕಾಲಿನ ಮೇಲೆ ನಿಂತಿದ್ದಳು. ಒಂದು ಹೆಸರು ಬರೆದರೆ ಏನು ಗಂಟು ಹೋಗುತ್ತದೆ ಅನ್ನಿಸಿತು. ಬರೆದೆ.

ನವೆಂಬರ್ 8

ಶುಕ್ರವಾರ ಬಾಗಲಕೋಟೆಗೆ ಹೋಗಲೇ ಇಲ್ಲ! ಯಾಸ್ಮೀನ ರಜೆ ಹಾಕಿ ಬಂದು ಕೂತು ಎದ್ದು ಹೋಗಿದ್ದಾಳೆ. ಕೇಳಿದರೆ ಹಜರತಬಿ ಟ್ರಂಕಿನಿಂದ ಆ ಕಾರ್ಡು ತೆಗೆದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಾಳೆ.

"ಸರಕಾರಿ ದವಾಖಾನ್ಯಾಗ ಬೆರಳ ಕತ್ತರಸ್ತಾರ. ದೊಡ್ಡ ದವಾಖಾನ್ಯಾಗ ಕತ್ತರಸಲಾರದ ಆರಾಮ ಮಾಡ್ತಾರಂತ. ಯಮನೂರ ಹೇಳ್ಯಾನ. ಇಪ್ಪತ್ಮೂರಕ್ಕ ರಿಸಲ್ಟು. ಹದಿನೈದ ದಿನ ಅಷ್ಟರಿ."

"ಯಮನೂರ ಏನ್ ಡಾಕ್ಟರೇನ?"

"ಅವಂಗ ಡಾಕ್ಟರ ಭಾಳ ಮಂದಿ ಗುರ್ತ ಅದಾರ. ಮತ್ತ ನೀವ ಬರದ ಕೊಟ್ಟೀರಲ್ರಿ ಅಕ್ಕಾರ."

ಅದು ಬರೀ ಪ್ರಚಾರದ ಕಾಗದ, ಖರೇ ಕಾರ್ಡು ನಿನ್ನ ರೇಶನ್ ಕಾರ್ಡು ಅಂತ ಬಾಯಿ ಹರಿಯುವವರೆಗೆ ಹೇಳಿದೆ. ರೇಶನ್ ಕಾರ್ಡು ಮಾಸಿ, ಮೂಲೆ ಹರಿದು, ಅಕ್ಕಿಡಬ್ಬಿಯ ಹಿಂದೆ ಬಿದ್ದಿದೆ. ಇದು ಹೊಳೆಯುತ್ತದೆ. ಹೊಳೆಯುವುದೇ ನಿಜ ಅನ್ನಿಸಿದರೆ ಅವಳ ತಪ್ಪೇನು?

ನವೆಂಬರ್ 11

ಇವತ್ತು ಇನ್ನೊಬ್ಬರ ಸರದಿ. ಕೂಲಿಂಗ್ ಗ್ಲಾಸ್. ಬಸ್‌ಸ್ಟ್ಯಾಂಡ್ ಹತ್ತಿರ ಸಭೆ, ನಾನು ಸ್ಲಿಪ್ಪು ಹಂಚುವ ದಾರಿಯಲ್ಲೇ. "ಅರವತ್ತು ದಾಟಿದ ಪ್ರತಿಯೊಬ್ಬರಿಗೂ ತಿಂಗಳಾ ಐದ ಸಾವಿರ ಪೆನ್ಶನ್!" ಚಪ್ಪಾಳೆ. ಎಲ್ಲಿಂದ ತರುತ್ತೀರಿ ಅಂತ ಒಬ್ಬ ಮಾಸ್ತರು ಕೇಳಿದರು. "ಮೊದಲ ನಮ್ಮನ್ನ ಕಳಸ್ರಿ, ಆಮೇಲೆ ನೋಡೂಣು." ಅದಕ್ಕೂ ಚಪ್ಪಾಳೆ! ದವಾಖಾನೆಯ ಬಗ್ಗೆ ಕೇಳಿದ್ದಕ್ಕೆ ಪ್ರಣಾಳಿಕೆ ಓದಿರಿ ಅಂದರು.

ಓದಿದೆ. ಇಬ್ಬರದೂ ತಂದು ಊಟದ ನಂತರ ಕನ್ನಡಕ ಹಾಕಿಕೊಂಡು ಕೂತೆ. ಒಬ್ಬರದು ನಲವತ್ತು ಪುಟ, ಇನ್ನೊಬ್ಬರದು ಮೂವತ್ತಾರು. ಫೋಟೋ ಬಿಟ್ಟರೆ ಎಂಟೆಂಟು ಉಳಿಯುತ್ತವೆ. ಅಂಗನವಾಡಿಯವರ ಪೆನ್ಶನ್ ಬಗ್ಗೆ ಒಂದರಲ್ಲಿ "ಪರಿಶೀಲಿಸಲಾಗುವುದು", ಇನ್ನೊಂದರಲ್ಲಿ "ಸೂಕ್ತ ಕ್ರಮ". ಡಾಕ್ಟರ ಹುದ್ದೆ ತುಂಬುವ ಮಾತು ಎರಡರಲ್ಲೂ ಇಲ್ಲ. ಇವರು ಎಲ್ಲಿ ನಿಂತಿದ್ದಾರೆ ಅಂತ ಹುಡುಕಿದರೆ ಎಲ್ಲಿಯೂ ನಿಂತಿಲ್ಲ, ಬರೀ ಓಡಾಡುತ್ತಿದ್ದಾರೆ. ಸಿಟ್ಟಿಗೆ ಎರಡನ್ನೂ ಒಲೆಗೆ ಹಾಕೋಣ ಅನ್ನಿಸಿತು. ನಮ್ಮದು ಗ್ಯಾಸು.

ನವೆಂಬರ್ 14

ಮಕ್ಕಳ ದಿನ. ಬಲೂನು ಊದಿ ಊದಿ ಗಲ್ಲ ನೋವು. ಹನ್ನೆರಡಕ್ಕೆ ಕೇಂದ್ರ ಮುಚ್ಚಿ, ಯಾಸ್ಮೀನಳನ್ನು ಮತ್ತೆ ಕರೆಸಿ, ಮೂವರೂ ಒಂದೂವರೆ ಬಸ್ಸಿಗೆ ಹೋಗುವುದು ಅಂತ ಗೊತ್ತು ಮಾಡಿದ್ದೆ. ಹಜರತಬಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಳು. ಬಾಗಿಲು ಬಡಿದು ಬಡಿದು ಕೈ ಕೆಂಪಾಯಿತು.

"ಅವ್ವಾ, ಬಾಗಲಾ ತಗಿಯವ್ವಾ," ಅಂತ ಯಾಸ್ಮೀನ ಅತ್ತಳು.

"ಇನ್ನ ಒಂಬತ್ತ ದಿನ ಐತಿ. ಸುಮ್ಮನ ಹೋಗ್ರಿ."

ಯಮನೂರನ ಮನೆಗೆ ಹೋದೆ. ಅವನೂ ನನ್ನ ಕೇಂದ್ರದಲ್ಲೇ ಆಡಿ ಬೆಳೆದವನು, ಹಜರತಬಿ ಕೈಯಿಂದ ಉಂಡವನು. "ಲೇ, ಆಕಿಗೆ ಖರೇ ಹೇಳೋ. ನೀ ಹೇಳಿದ್ರ ಕೇಳ್ತಾಳ."

"ಟೀಚರ, ನೀವು ಇಲೆಕ್ಷನ್ ಡ್ಯೂಟಿ ಮ್ಯಾಲೆ ಇದ್ದೀರಿ. ನಮ್ಮ ಕಾರ್ಡ್ ಸುಳ್ಳ ಅಂತ ಮಂದಿ ಮುಂದ ಹೇಳಾಕತ್ತೀರಂತ. ಕಂಪ್ಲೇಂಟ್ ಆದ್ರ ನಿಮಗ ತ್ರಾಸ ಆಗ್ತೈತಿ ನೋಡ್ರಿ." ನಗುತ್ತಲೇ ಹೇಳಿದ. ಆಮೇಲೆ ದನಿ ತಗ್ಗಿಸಿ, "ಮತ್ತ ಆ ಕಾರ್ಡಿನ ಮ್ಯಾಲಿನ ಅಕ್ಷರ ಯಾರವು ಅಂತ ನಮಗೂ ಗೊತ್ತೈತ್ರಿ."

ಹೆದರಿ ಬಂದೆ. ಬರೆದಿಡುತ್ತೇನೆ, ಸುಳ್ಳೇಕೆ.

ನವೆಂಬರ್ 20

ಮತದಾನ. ಬೆಳಗಿನ ಐದರಿಂದ ಬೂತಿನ ಹೊರಗೆ ಪಟ್ಟಿ ಹಿಡಿದು ಕೂತಿದ್ದೆ. ಹನ್ನೊಂದಕ್ಕೆ ಯಮನೂರ ಆಟೋದಲ್ಲಿ ಹಜರತಬಿಯನ್ನು ತಂದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿಕೊಂಡು ಒಳಗೆ ಒಯ್ದರು. ಇವಳ ವೋಟಿಗೆ ಆಟೋ ಇದೆ, ಕುರ್ಚಿ ಇದೆ, ಎತ್ತಲು ನಾಲ್ಕು ಕೈ ಇವೆ. ಇಷ್ಟೇ ನಾಲ್ಕು ಕೈ ಬಾಗಲಕೋಟೆಗೆ ಎತ್ತಿದ್ದರೆ? ಕುರ್ಚಿ ಹತ್ತಿರ ಬಂದಾಗ ಏಜೆಂಟರು ಇಬ್ಬರೂ ಮೂಗು ಮುಚ್ಚಿಕೊಂಡರು. ಇದೊಂದರಲ್ಲಿ ಎರಡೂ ಪಕ್ಷ ಒಂದೇ.

"ಮೂರ ದಿನ, ಅಕ್ಕಾರ," ಅಂದಳು. ಮೈ ಸುಡುತ್ತಿತ್ತು.

ನವೆಂಬರ್ 23

ಬಿಳಿಮೀಸೆ ಗೆದ್ದರು. ಗುಲಾಲು, ಪಟಾಕಿ. ಹಜರತಬಿ ಓಣಿಯವರಿಗೆಲ್ಲ ಸಕ್ಕರೆ ಹಂಚಿಸಿದಳು.

ನವೆಂಬರ್ 25

ಬರೆಯುವ ಹಾಗೆಯೇ ಇಲ್ಲ. ಆದರೂ.

ನಿನ್ನೆ ತಾಯಿ ಮಗಳು ಆ ಕಾರ್ಡು ಹಿಡಿದು ಬಾಗಲಕೋಟೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿದ್ದಾರೆ. ಕೌಂಟರಿನ ಹುಡುಗಿ ತಿರುವಿ ಮುರುವಿ ನೋಡಿ, "ಅಮ್ಮಾ, ಇದ ಪ್ರಚಾರದ್ದರಿ, ನಡೆಯಂಗಿಲ್ಲ," ಅಂದಿದ್ದಾಳೆ. ಯಾಸ್ಮೀನ ಯಮನೂರನಿಗೆ ಫೋನ್ ಹಚ್ಚಿದರೆ, "ಸಾಹೇಬ್ರು ಒಬ್ಬರ ಗೆದ್ರ ಸರಕಾರ ಬದಲಾಗ್ತೈತೇನವಾ? ಜನರಲ್ ಇಲೆಕ್ಷನ್‌ದಾಗ ನಮ್ಮ ಪಕ್ಷ ಬರ್ಲಿ, ಆವಾಗ ಚಾಲೂ ಆಗ್ತೈತಿ."

ಒಬ್ಬ ಎಂಎಲ್ಎ ಆರಿಸುವ ಉಪಚುನಾವಣೆ ಇದು. ಗೆದ್ದರೂ ಕೊಡಲಾಗುವುದಿಲ್ಲ ಅಂತ ಛಾಪಿಸುವ ದಿನವೇ ಗೊತ್ತಿತ್ತು ಇವರಿಗೆ! ಗೊತ್ತಿದ್ದೂ ಹೆಸರಿಗೆ ಗೆರೆ ಬಿಟ್ಟರು. ಆ ಗೆರೆಯ ಮೇಲೆ ನಾನು ಬರೆದೆ.

ಯಾಸ್ಮೀನಳಿಗೆ ಫೋನಿನಲ್ಲಿ ಅಲ್ಲೇ ಇರಿ ಅಂದು, ಅಕ್ಕಿಡಬ್ಬಿಯ ಹಿಂದಿನ ರೇಶನ್ ಕಾರ್ಡು ತೆಗೆದುಕೊಂಡು ನಾನೇ ಬಸ್ಸು ಹತ್ತಿದೆ. ಹುನಗುಂದದಲ್ಲಿ ಹತ್ತು ನಿಮಿಷ, ಅಮೀನಗಡದಲ್ಲಿ ಮತ್ತೆ ಹತ್ತು. ಡ್ರೈವರು ಕೆಳಗಿಳಿದು ಚಹಾ ಕುಡಿಯುತ್ತಿದ್ದರೆ ನನಗೆ ಕಿರುಚಬೇಕು ಅನ್ನಿಸಿತು. ಜಿಲ್ಲಾ ಆಸ್ಪತ್ರೆಯಲ್ಲಿ ಸಂಜೆ ಐದಕ್ಕೆ ಸೇರಿಸಿಕೊಂಡರು. ಅರ್ಧ ತಾಸಿನಲ್ಲಿ ಕಾಗದಪತ್ರವೆಲ್ಲ ಮುಗಿಯಿತು, ಒಂದು ಪೈಸೆ ಕೇಳಲಿಲ್ಲ. ಆ ಕಾರ್ಡು ನಂಬಿ ಹತ್ತೊಂಬತ್ತು ದಿನ ಕಾದದ್ದು ಯಾತಕ್ಕೆ?

ಡಾಕ್ಟರು ನನ್ನನ್ನು ಬದಿಗೆ ಕರೆದು ಮೊಣಕಾಲಿನ ಕೆಳಗೆ ಕೈ ತೋರಿಸಿದರು. ಇಲ್ಲಿಂದ ತೆಗೆಯಬೇಕು ಅಂದರು.

ಡಿಸೆಂಬರ್ 6

ಆಪರೇಶನ್ ಆಗಿ ಒಂಬತ್ತು ದಿನ. ಜೀವ ಉಳಿಯಿತು. ಇವತ್ತು ನೋಡಲು ಹೋಗಿದ್ದೆ. ಹೊದಿಕೆ ಒಂದು ಬದಿ ತಗ್ಗಾಗಿ ಬಿದ್ದಿತ್ತು, ಅತ್ತ ನೋಡಲಾಗಲಿಲ್ಲ. ತಪ್ಪಾಯಿತು ಹಜರತಬಿ, ನಾ ಬರೆಯಬಾರದಿತ್ತು ಅಂದೆ. ಅತ್ತುಬಿಟ್ಟೆ.

"ಚಂದ ಬರದಿದ್ರಿ, ಅಕ್ಕಾರ. ಕೌಂಟರಿನ ಹುಡುಗಿ ಒಂದೇ ಸಲಕ್ಕ ಓದಿದ್ಲು."

ಬೈದಿದ್ದರೆ ಒಳ್ಳೆಯದಿತ್ತು.

ಡಿಸೆಂಬರ್ 27

ಸೂಪರ್‌ವೈಜರ್ ಮೇಡಂ ಫೋನು. 30ಕ್ಕೆ ಶಾಸಕರಿಗೆ ಸನ್ಮಾನ, ಅಂಗವಿಕಲರಿಗೆ ತ್ರಿಚಕ್ರ ಗಾಡಿ ವಿತರಣೆ. ಪ್ರತಿ ಕೇಂದ್ರದಿಂದ ಇಪ್ಪತ್ತು ಹೆಂಗಸರನ್ನು ಕರೆತರಬೇಕು. "ಮತ್ತ ಶೈಲಾ, ನಿಮ್ಮ ದನಿ ಚಲೋ ಐತಿ. ಫಲಾನುಭವಿಗಳ ಹೆಸರ ನೀವ ಕರೀರಿ."

ಪಟ್ಟಿ ವಾಟ್ಸಪ್ಪಿಗೆ ಬಂತು. ಹದಿನಾಲ್ಕು ಹೆಸರು. ಮೊದಲನೆಯದು ಹಜರತಬಿ. ಯಮನೂರ ಬರೆಸಿದ್ದಂತೆ.

ಎಷ್ಟು ಧೈರ್ಯ ಇವರಿಗೆ! ಕಾಲು ಹೋಗುವವರೆಗೆ ಕಾರ್ಡು, ಕಾಲು ಹೋದ ಮೇಲೆ ಗಾಡಿ. ಎರಡರ ಮೇಲೂ ಅದೇ ಮೀಸೆ, ಅದೇ ನಗು. ಮೈಕ್ ಹಿಡಿದು ಎಲ್ಲ ಹೇಳಿಬಿಡುತ್ತೇನೆ. ಈಗ ಯಾವ ನೀತಿ ಸಂಹಿತೆಯೂ ಇಲ್ಲ.

ಡಿಸೆಂಬರ್ 29

ಹಜರತಬಿಯ ಮನೆಗೆ ಹೋಗಿ ಹೇಳಿದೆ. ನೀ ಗಾಡಿ ಬೇಡ ಅನ್ನು, ಮುಂದಿನದು ನಾ ಮಾತಾಡುತ್ತೇನೆ ಅಂದೆ.

"ಯಾಕ ಬ್ಯಾಡನ್ಲಿ? ಗಾಡಿ ಬೇಕ ನನಗ. ಸಂಡಾಸಕ್ಕ ಹೋಗಾಕ ಮಗಳ ಹೊತ್ಕೊಂಡ ಹೋಗಾಕತ್ತಾಳ." ಸ್ವಲ್ಪ ಹೊತ್ತು ನೂಲು ಸುತ್ತಿದಳು. "ಆದರ ಮಾತ ನೀವ ಆಡಬ್ಯಾಡ್ರಿ. ನಿಮ್ಮನ್ನ ಮನೀಗೆ ಕಳಸ್ತಾರ. ನಿಮಗ ಇನ್ನ ಎರಡ ವರ್ಷ ಐತಿ. ನನ್ನ ಕಡಿಂದ ಕಸ್ಕೊಳಾಕ ಏನೈತ್ರಿ? ಹೆಸರ ಕರದು ಮೈಕ್ ನನ್ನ ಕೈಯಾಗ ಕೊಡ್ರಿ."

"ಕಾರ್ಡ್ ಯಾರ ಬರದ ಕೊಟ್ರು ಅಂತ ಕೇಳಿದ್ರ?"

"ನಾನ ಬರದೇನಿ ಅಂತೇನಿ."

ಸಹಿ ಮಾಡಲು ಬಾರದವಳು. ಇಪ್ಪತ್ತೇಳು ವರ್ಷ ನನ್ನ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದವಳು.

ಡಿಸೆಂಬರ್ 30, ಬೆಳಿಗ್ಗೆ 8.40

ನಿದ್ದೆ ಇಲ್ಲ. ಸೀರೆ ಉಟ್ಟಾಯಿತು. ಪಟ್ಟಿ ಕೈಯಲ್ಲಿದೆ. ಎರಡು ವರ್ಷ, ಆಮೇಲೆ ಶಾಲು, ಹಾರ, ಗ್ರೂಪ್ ಫೋಟೋ. ಇದಕ್ಕೋಸ್ಕರ ನಾನು ಆ ಸ್ಟೇಜಿನ ಮೇಲೆ ಸುಮ್ಮನೆ ನಿಂತು, ಅವಳ ಬಾಯಿಂದ ನನ್ನ ಸುಳ್ಳು ಹೇಳಿಸಬೇಕೇ?

ಹೊರಗೆ ಯಮನೂರನ ಆಟೋ. "ಟೀಚರ, ಲಗೂನ ಬರ್ರಿ, ಸಾಹೇಬ್ರು ಹೊಂಟಾರಂತ!" ಹಜರತಬಿ ಆಗಲೇ ಒಳಗೆ ಕೂತಿದ್ದಾಳೆ, ಕಿಟಕಿಯಿಂದ ಕಾಣುತ್ತಾಳೆ. ಇಳಕಲ್ ಸೀರೆ ಉಟ್ಟಿದ್ದಾಳೆ, ತಲೆ ತುಂಬ ಸೆರಗು.

ಹೆಸರು ಕರೆಯುತ್ತೇನೆ. ಆದರೆ ಮೈಕ್ ಅವಳ ಕೈಗೆ ಕೊಡುವ ಮೊದಲು, ಮುನ್ನೂರು ಜನರ ಎದುರು, ಆ ಅಕ್ಷರ ನನ್ನವು ಅಂತ ನಾನೇ ಹೇಳುತ್ತೇನೆ.